'ಹೊರನಾಡಿಗ' ಎಂದರೆ ಯಾರು? : ಒಂದು ಪದಸಮೂಹದ ಚಾರಿತ್ರಿಕ ವಿವೇಚನೆ

1

ಇಂಗ್ಲಿಷಿನ 'ಎಕ್ಸ್‌ಪೇಟ್ರಿಯೇಟ್' ಎಂಬ ಪದಕ್ಕೆ ಕನ್ನಡದಲ್ಲಿ ಒಂದೇ ಒಂದು ಸಮಾನಪದವನ್ನು ಸೂಚಿಸಬೇಕಾಗಿ ಬಂದಾಗ ಅನುವಾದಕರು ತೊಡಕಿಗೆ ಸಿಲುಕುತ್ತಾರೆ. ದೇಶಾಂತರವಾಸಿ, ಪರದೇಶಿ, ವಲಸಿಗ, ಅನಿವಾಸಿ, ಹೊರನಾಡಿಗ ಎಂಬ ಪದಗಳು ಸುಲಭವಾಗಿ ಕೈಗೆ ಸಿಗುತ್ತವೆಯಾದರೂ ಅವುಗಳಲ್ಲಿ ಒಂದಾದರೂ ಮೂಲಪದದ ವ್ಯಾಪ್ತಿಗೆ ಸರಿಯಾಗಿ ಹೊಂದುವುದಿಲ್ಲ. ಒಂದರಲ್ಲಿ ಅನಾಥತೆಯ ಛಾಯೆಯಿದೆ, ಇನ್ನೊಂದರಲ್ಲಿ ಭಯದ ನೆನಪಿದೆ, ಮತ್ತೊಂದು ತೆರಿಗೆ ಇಲಾಖೆಯ ಕಡತದಿಂದ ಎದ್ದು ಬಂದದ್ದು. ಈ ತೊಡಕನ್ನು ಪಾರಿಭಾಷಿಕ ಪದಗಳ ಕೊರತೆಯೆಂದು ಭಾವಿಸುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ನಾವು ಬೇರೊಂದು ಅಭಿಪ್ರಾಯವನ್ನು ಮಂಡಿಸಬಯಸುತ್ತೇವೆ. ತನ್ನ ನಾಡಿನ ಹೊರಗೆ ಬದುಕುವುದೆಂಬ ಅನುಭವ ಕನ್ನಡಿಗರಿಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಕಾರಣಗಳಿಂದ ಒದಗಿದೆ. ಆ ಕಾರಣಗಳ ಗುರುತು ನಮ್ಮ ಪದಗಳಲ್ಲಿ ಉಳಿದುಕೊಂಡಿದೆ. ಅವೆಲ್ಲವನ್ನೂ 'ಹೊರನಾಡ ಕನ್ನಡಿಗ' ಎಂಬ ಒಂದೇ ಹೆಸರಿನೊಳಗೆ ತುಂಬಿದ್ದು ಈಚಿನ ಸಂಗತಿ. ಹಾಗೆ ತುಂಬಿದ್ದರಿಂದ ಸಂಶೋಧನೆಗೆ ಮಾತ್ರವಲ್ಲದೆ ಆ ಜನರ ಹಕ್ಕುಗಳಿಗೂ ನಷ್ಟವಾಗಿದೆಯೆಂಬುದು ನಮ್ಮ ವಾದ.

2

ಮೊದಲು ಇಂಗ್ಲಿಷ್ ಪದದ ಇತಿಹಾಸವನ್ನು ಸಂಕ್ಷೇಪವಾಗಿ ಗಮನಿಸಬಹುದು. ಲ್ಯಾಟಿನ್ನಿನ 'ಪಾತ್ರಿಯಾ' ಎಂದರೆ ತಂದೆಯ ನೆಲ, ಪಿತೃಭೂಮಿ. ಅದರ ಹಿಂದೆ 'ಹೊರಗೆ' ಎಂಬರ್ಥದ ಉಪಸರ್ಗ ಸೇರಿ ಫ್ರೆಂಚಿನಲ್ಲಿ ಕ್ರಿಯಾಪದವಾಯಿತು; ಅಲ್ಲಿಂದ 18ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷಿಗೆ ಬಂದಿತು. ಆಗ ಅದರ ಅರ್ಥ ದೇಶದಿಂದ ಹೊರಹಾಕುವುದು, ಅಂದರೆ ನಮ್ಮ ಆಡಳಿತ ಭಾಷೆಯ 'ಗಡೀಪಾರು'. 19ನೆಯ ಶತಮಾನದ ಆರಂಭದಲ್ಲಿ ನಾಮಪದವಾಗಿ ಬಳಕೆಗೆ ಬಂದಾಗಲೂ ಅದು ಹೊರದೂಡಲ್ಪಟ್ಟವನನ್ನೇ ಸೂಚಿಸುತ್ತಿತ್ತು. ಸ್ವಂತ ಇಚ್ಛೆಯಿಂದ ಪರದೇಶದಲ್ಲಿ ನೆಲೆಸಿದವನೆಂಬ ಅರ್ಥ ಪ್ರಧಾನವಾದದ್ದು 20ನೆಯ ಶತಮಾನದಲ್ಲಿ.

ಈ ಪಲ್ಲಟದ ನಡುವೆ ಕಾನೂನು ಕೈಯಾಡಿಸಿದೆ. ಹುಟ್ಟಿನಿಂದ ಬಂದ ರಾಜನಿಷ್ಠೆ ಎಂದಿಗೂ ಕಳಚಲಾರದೆಂಬುದು ಬ್ರಿಟನ್ನಿನ ಹಳೆಯ ನಿಲುವಾಗಿತ್ತು. ಅಮೆರಿಕದ ಪೌರತ್ವ ಪಡೆದ ಐರಿಷ್ ಜನರನ್ನು ಬ್ರಿಟನ್ ತನ್ನ ಪ್ರಜೆಗಳೆಂದೇ ಪರಿಗಣಿಸಿ ವಿಚಾರಣೆಗೆ ಒಳಪಡಿಸಿದಾಗ, ಅಮೆರಿಕದ ಸಂಸತ್ತು 1868ರಲ್ಲಿ ಒಂದು ಕಾಯಿದೆ ಮಾಡಿ, ಸ್ವದೇಶದ ಪೌರತ್ವವನ್ನು ತ್ಯಜಿಸುವುದು ಮನುಷ್ಯರೆಲ್ಲರ ಸಹಜ ಹಕ್ಕೆಂದು ಸಾರಿತು. ಬ್ರಿಟನ್ 1870ರಲ್ಲಿ ತನ್ನ ನಿಲುವನ್ನು ಸಡಿಲಿಸಿತು. ಆದರೆ ಅದೇ ಅಮೆರಿಕ 1907ರಲ್ಲಿ, ಪರದೇಶದವನನ್ನು ಮದುವೆಯಾದ ಹೆಣ್ಣು ತಾನಾಗಿಯೇ ಪೌರತ್ವ ಕಳೆದುಕೊಳ್ಳುತ್ತಾಳೆಂದು ವಿಧಿಸಿತು. 1922ರವರೆಗೂ ಈ ನಿಯಮ ಪೂರ್ಣವಾಗಿ ಜಾರಿಯಲ್ಲಿತ್ತು. ಹುಟ್ಟೂರಿನಿಂದ ಒಂದು ಹೆಜ್ಜೆಯನ್ನೂ ಹೊರಗಿಡದ ಹೆಣ್ಣುಮಕ್ಕಳು ಕಾಗದದ ಮೇಲೆ ದೇಶತ್ಯಾಗಿಗಳಾದರು. ಮನುಷ್ಯನು ಕದಲದೆಯೇ ಹೊರಗಿನವನಾಗಬಲ್ಲನೆಂಬುದಕ್ಕೆ ಇದೊಂದು ನಿದರ್ಶನ. ಮುಂದೆ ಕನ್ನಡದ ಸಂದರ್ಭದಲ್ಲಿ ಇದನ್ನು ನೆನೆಯಬೇಕಾಗುತ್ತದೆ.

ಎರಡು ಮಹಾಯುದ್ಧಗಳ ನಡುವೆ ಪ್ಯಾರಿಸ್ಸಿನಲ್ಲಿ ನೆಲೆಸಿದ ಹೆಮಿಂಗ್ವೇ ಮೊದಲಾದ ಅಮೆರಿಕನ್ ಲೇಖಕರಿಂದ ಈ ಪದಕ್ಕೆ ಒಂದು ಸೊಬಗು ಬಂದಿತು. ಆಮೇಲೆ ಬಹುರಾಷ್ಟ್ರೀಯ ಕಂಪನಿಗಳು ಹೊರದೇಶಕ್ಕೆ ಕಳುಹಿಸುವ ಅಧಿಕಾರಿಗಳಿಗೆ ಅದು ಅನ್ವಯವಾಯಿತು. ಯುರೋಪಿನಲ್ಲಿ ದುಡಿಯಲು ಬಂದ ಬಡವನನ್ನು ವಲಸೆಗಾರನೆಂದೂ ಅದೇ ಯುರೋಪಿನಿಂದ ಏಷ್ಯಕ್ಕೆ ಬಂದ ಅಧಿಕಾರಿಯನ್ನು ಎಕ್ಸ್‌ಪೇಟ್ರಿಯೇಟ್ ಎಂದೂ ಕರೆಯುವ ರೂಢಿಯಲ್ಲಿ ವರ್ಗಭೇದ ವರ್ಣಭೇದಗಳ ನೆರಳಿರುವುದನ್ನು ಅನೇಕರು ಗುರುತಿಸಿದ್ದಾರೆ. ಕೊಲ್ಲಿ ರಾಷ್ಟ್ರಗಳ ಬಳಕೆ ಇದಕ್ಕೆ ಅಪವಾದ. ಅಲ್ಲಿನ ಇಂಗ್ಲಿಷ್ ದಾಖಲೆಗಳಲ್ಲಿ ಬ್ಯಾಂಕಿನ ವ್ಯವಸ್ಥಾಪಕನೂ ಕಟ್ಟಡದ ಕೂಲಿಯವನೂ ಸಮಾನವಾಗಿ ಎಕ್ಸ್‌ಪೇಟ್ರಿಯೇಟರೇ. ಆದರೆ ಈ ಸಮಾನತೆ ಔದಾರ್ಯದಿಂದ ಬಂದದ್ದಲ್ಲ. ಎಷ್ಟು ವರ್ಷ ದುಡಿದರೂ ಅವರಿಬ್ಬರಿಗೂ ಅಲ್ಲಿನ ಪೌರತ್ವ ಸಾಮಾನ್ಯವಾಗಿ ದೊರೆಯುವುದಿಲ್ಲವಾದ್ದರಿಂದ, 'ನೆಲೆಸಲು ಬಂದವನು' ಎಂಬ ಹೆಸರು ಇಬ್ಬರಿಗೂ ಸಲ್ಲುವುದಿಲ್ಲ. ಒಟ್ಟಿನಲ್ಲಿ ಈ ಪದಕ್ಕೆ ಎರಡು ಆಧಾರಗಳು ಬೇಕು: ಬಿಟ್ಟುಬಂದ ಒಂದು ಖಚಿತ ರಾಷ್ಟ್ರ ಮತ್ತು ಬಿಡುವ ಒಂದು ಕ್ರಿಯೆ.

3

ಭಾರತೀಯ ಭಾಷೆಗಳಲ್ಲಿ ಈ ಅರ್ಥಕ್ಕೆ ಹತ್ತಿರವಾದ ಪದ 'ಪ್ರವಾಸ'. ನೆಲೆಸುವುದೆಂಬ ಅರ್ಥದ 'ವಸ್' ಧಾತುವಿಗೆ 'ಪ್ರ' ಸೇರಿದಾಗ ಮನೆಯಿಂದ ದೂರ ನೆಲೆಸುವುದೆಂದಾಗುತ್ತದೆ. ಆಲಂಕಾರಿಕರು ವಿಪ್ರಲಂಭ ಶೃಂಗಾರದ ಪ್ರಭೇದಗಳಲ್ಲಿ ಪ್ರವಾಸವನ್ನೂ ಎಣಿಸಿದ್ದಾರೆ. ಭರತನ ಎಂಟು ಬಗೆಯ ನಾಯಿಕೆಯರಲ್ಲಿ ಗಂಡ ದೂರದೇಶದಲ್ಲಿರುವವಳು ಪ್ರೋಷಿತಭರ್ತೃಕೆ. ಕಾಳಿದಾಸನ 'ಮೇಘದೂತ'ದ ಯಕ್ಷನು ಒಡೆಯನ ಶಾಪದಿಂದ ಒಂದು ವರ್ಷ ರಾಮಗಿರಿಯಲ್ಲಿರಬೇಕಾದವನು. ಇಂಗ್ಲಿಷ್ ಪದದ ಮೊದಲ ಅರ್ಥಕ್ಕೆ ಅವನೇ ಸರಿಯಾದ ಉದಾಹರಣೆ.

ಈ ಒಂದೇ ಪದ ಪ್ರಾಂತಭೇದದಿಂದ ಬೇರೆ ಬೇರೆ ದಾರಿ ಹಿಡಿದದ್ದು ಗಮನಾರ್ಹ. ರಮಾನಂದ ಚಟ್ಟೋಪಾಧ್ಯಾಯರು 1901ರಲ್ಲಿ ಅಲಹಾಬಾದಿನಿಂದ ಒಂದು ಬಂಗಾಳಿ ಮಾಸಪತ್ರಿಕೆಯನ್ನು ಹೊರಡಿಸಿದಾಗ ಅದಕ್ಕೆ 'ಪ್ರವಾಸಿ' (ಬಂಗಾಳಿ ಉಚ್ಚಾರಣೆಯಲ್ಲಿ 'ಪ್ರೊಬಾಶಿ') ಎಂದು ಹೆಸರಿಟ್ಟರು. ಬಂಗಾಳದ ಹೊರಗಿನ ಬಂಗಾಳಿಯೆಂಬ ಅರ್ಥ ಓದುಗರಿಗೆ ತಾನಾಗಿಯೇ ಹೊಳೆಯುತ್ತಿತ್ತು. ಮಲಯಾಳದಲ್ಲಿ ಪ್ರವಾಸಿ ಎಂದೊಡನೆ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವವನ ಚಿತ್ರ ಮೂಡುತ್ತದೆ. ಮರಾಠಿಯಲ್ಲಾದರೋ ಪ್ರವಾಸಿ ಎಂದರೆ ಪ್ರಯಾಣಿಕ. ಕನ್ನಡ ಮರಾಠಿಯ ಜೊತೆಗೆ ನಿಂತಿತು. ನಮಗೆ ಪ್ರವಾಸಿಯೆಂದರೆ ನಾಲ್ಕು ದಿನ ಸುತ್ತಾಡಿ ಹಿಂದಿರುಗುವವನು. ಪ್ರವಾಸಿ ಮಂದಿರ, ಪ್ರವಾಸೋದ್ಯಮ ಎಂಬ ಪದಗಳು ಈ ಅರ್ಥವನ್ನು ಭದ್ರಗೊಳಿಸಿವೆ.

ಆದ್ದರಿಂದ ಭಾರತ ಸರ್ಕಾರ 2003ರಿಂದ, ಗಾಂಧೀಜಿ 1915ರಲ್ಲಿ ಆಫ್ರಿಕದಿಂದ ಮರಳಿದ ಜನವರಿ 9ನ್ನು 'ಪ್ರವಾಸಿ ಭಾರತೀಯ ದಿವಸ'ವೆಂದು ಆಚರಿಸತೊಡಗಿದಾಗ, ಹಿಂದಿ ಮತ್ತು ಮಲಯಾಳಗಳಿಗೆ ಸಹಜವಾಗಿದ್ದ ಆ ಹೆಸರು ಕನ್ನಡ ಕಿವಿಗೆ ಅಪರಿಚಿತವಾಗಿ ಕೇಳಿಸಿತು. ಅಷ್ಟರಲ್ಲಿ ಕನ್ನಡ ಪತ್ರಿಕೆಗಳು 'ಅನಿವಾಸಿ'ಯನ್ನು ಒಪ್ಪಿಕೊಂಡಿದ್ದವು. ಈ ಪದದ ಹುಟ್ಟು ತೆರಿಗೆ ಮತ್ತು ವಿದೇಶಿ ವಿನಿಮಯದ ಕಾನೂನುಗಳಲ್ಲಿದೆ. 1961ರ ಆದಾಯ ತೆರಿಗೆ ಕಾಯಿದೆ ಒಬ್ಬನು ನಿವಾಸಿಯೋ ಅಲ್ಲವೋ ಎಂಬುದನ್ನು ಮುಖ್ಯವಾಗಿ ಅವನು ವರ್ಷದಲ್ಲಿ ಭಾರತದೊಳಗೆ ಕಳೆದ 182 ದಿನಗಳ ಲೆಕ್ಕದಿಂದ ನಿರ್ಧರಿಸಿತು. ಹೀಗೆ ದಿನಗಣನೆಯಿಂದ ಹುಟ್ಟಿದ ಪದವು ಒಬ್ಬನು ಎಲ್ಲಿಲ್ಲವೆಂಬುದನ್ನು ಹೇಳುತ್ತದೆಯೇ ಹೊರತು ಎಲ್ಲಿದ್ದಾನೆ, ಏಕೆ ಹೋದ ಎಂಬುದನ್ನು ಹೇಳುವುದಿಲ್ಲ.

4

ಇನ್ನು ಕನ್ನಡದ ಹಳೆಯ ಪದಗಳಿಗೆ ಬರೋಣ. 'ವಲಸೆ' ಕನ್ನಡಕ್ಕೂ ತೆಲುಗಿಗೂ ಸಮಾನವಾದದ್ದು. ಶತ್ರುಸೈನ್ಯದ ಭಯದಿಂದ ಊರಿನ ಜನ ಮನೆಮಠ ಬಿಟ್ಟು ಓಡುವುದೆಂಬ ಅರ್ಥ 1852ರ ಬ್ರೌನ್ ಅವರ ತೆಲುಗು ನಿಘಂಟಿನಲ್ಲಿದೆ. 'ಗುಳೆ' ಇಂದಿಗೂ ಉತ್ತರ ಕರ್ನಾಟಕದ ಬರಗಾಲದ ಪದ. ಮಳೆ ಕೈಕೊಟ್ಟಾಗ ಒಕ್ಕಲು ಕಟ್ಟಿಕೊಂಡು ಹೋಗಿ ಮಳೆ ಬಂದಾಗ ಹಿಂದಿರುಗುವುದು ಅದರ ಲಕ್ಷಣ. ಒಂದು ಪದದಲ್ಲಿ ದಂಡಿನ ಭಯ, ಇನ್ನೊಂದರಲ್ಲಿ ಹಸಿವು. ಹೊರಟ ಕಾರಣವನ್ನು ಮರೆಮಾಚದ ಪದಗಳಿವು.

'ಪರದೇಶಿ'ಯ ಚರಿತ್ರೆ ಇವೆರಡಕ್ಕಿಂತ ಸಂಕೀರ್ಣ. ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ, ಉಭಯ ನಾನಾದೇಶಿ ಎಂಬ ವರ್ಗನಾಮಗಳು ಬರುತ್ತವೆ. ಅಲ್ಲಿ ಪರದೇಶಿಯೆಂಬುದು ಕೀಳುಮಾತಲ್ಲ. ಶಿಕಾರಿಪುರದ 11ನೆಯ ಶತಮಾನದ ಶಾಸನವೊಂದು ಈ ವರ್ತಕರು ಸಂಚರಿಸಿದ ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ನೇಪಾಳ ಮೊದಲಾದ ದೇಶಗಳನ್ನು ಹೆಮ್ಮೆಯಿಂದ ಎಣಿಸುತ್ತದೆ. ಸಂಘದ ಹೆಸರು ಸಮುದ್ರವನ್ನೂ ದಾಟಿತು. ಸುಮಾತ್ರದ ಬಾರೂಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲಿ ಐನೂರ್ವರ ಉಲ್ಲೇಖವಿದೆ. ಬರ್ಮದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುದೇವಾಲಯವಿದ್ದುದನ್ನು 13ನೆಯ ಶತಮಾನದ ಇನ್ನೊಂದು ಶಾಸನ ತಿಳಿಸುತ್ತದೆ. ಐಹೊಳೆಯ ನೆನಪನ್ನು ಹೊತ್ತ ಸಂಘದ ಶಾಸನಗಳು ಅಲ್ಲಿ ತಮಿಳಿನಲ್ಲಿರುವುದು ಗಮನಿಸತಕ್ಕದ್ದು. ಸಂಘಕ್ಕೆ ಹುಟ್ಟೂರೊಂದಿತ್ತು, ಆದರೆ ಒಂದೇ ಭಾಷೆಯಿರಲಿಲ್ಲ.

ಹೀಗೆ ಗೌರವದಿಂದಿದ್ದ ಪದ ತಮಿಳಿನಲ್ಲಿ ಭಿಕ್ಷುಕನನ್ನೂ ಕನ್ನಡದ ಆಡುಮಾತಿನಲ್ಲಿ ದಿಕ್ಕಿಲ್ಲದವನನ್ನೂ ಸೂಚಿಸುವಂತಾಯಿತು. ತಬ್ಬಲಿ ಮಗುವನ್ನು 'ಪರದೇಶಿ ಕೂಸು' ಎಂದು ಮರುಗುವುದನ್ನು ನಾವು ಕೇಳುತ್ತೇವೆ. ಇದಕ್ಕೆ ವ್ಯತಿರಿಕ್ತವಾಗಿ, ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಲಾದ ಯೆಹೂದ್ಯರ ಪರದೇಶಿ ಪ್ರಾರ್ಥನಾಮಂದಿರದ ಹೆಸರಿನಲ್ಲಿ ಅದೇ ಪದ ಇಂದಿಗೂ ಘನತೆಯಿಂದ ಉಳಿದಿದೆ. ಈ ಅಂತರಕ್ಕೆ ಕಾರಣವನ್ನು ನಾವು ಹೀಗೆ ಊಹಿಸುತ್ತೇವೆ: ಹೊರಗಿನವನಿಗೆ ಬೆನ್ನಹಿಂದೆ ಸಂಘವೋ ಸಮುದಾಯವೋ ಇದ್ದಲ್ಲಿ ಪರದೇಶಿ ಗೌರವದ ಹೆಸರಾಗುತ್ತದೆ, ಒಂಟಿಯಾಗಿ ಬಂದಲ್ಲಿ ಅದೇ ಹೆಸರು ಮರುಕದ ಮಾತಾಗುತ್ತದೆ. ಅಂದರೆ ಕನ್ನಡದಲ್ಲಿ ಹೊರಗಿನವನನ್ನು ಅಳೆದದ್ದು ಬಿಟ್ಟುಬಂದ ರಾಷ್ಟ್ರದಿಂದಲ್ಲ, ಇರುವೆಡೆಯ ಆಸರೆಯಿಂದ.

5

ಪ್ರಾಚೀನ ಕನ್ನಡಿಗನಿಗೆ 'ನಾಡು' ಎಂದರೇನಾಗಿತ್ತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ' ಕನ್ನಡದ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ವಿಸ್ತರಿಸಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ತಿರುಳನ್ನು ಗುರುತಿಸುತ್ತದೆ. ಅದೇ ಕಾಲದ ಶಾಸನಗಳಲ್ಲಾದರೋ ನಾಡು ಆಡಳಿತದ ಘಟಕ: ಬನವಾಸಿ 12000, ಗಂಗವಾಡಿ 96000, ನೊಳಂಬವಾಡಿ 32000, ಬೆಳ್ವೊಲ 300. ಈ ಲೆಕ್ಕದಲ್ಲಿ ಬೆಳ್ವೊಲದವನು ಬನವಾಸಿಗೆ ಬಂದರೆ ಆಗಲೇ ಬೇರೆ ನಾಡಿಗೆ ಬಂದಂತೆ. ನಾಡಿಗೆ ಹೊರಗು ಎಂಬುದು ಒಂದೇ ಆಗಿರಲಿಲ್ಲ. ಯಾವ ನಾಡಿನ ಹೊರಗು ಎಂದು ಕೇಳಬೇಕಿತ್ತು.

ಪಂಪನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಅವನ ತಂದೆಯ ಕಡೆಯವರು ವೆಂಗಿನಾಡಿನವರು. ತಾಯಿಯ ಮನೆತನ ಬೆಳ್ವೊಲದ ಅಣ್ಣಿಗೇರಿಯದು. ಅವನು ಆಶ್ರಯ ಪಡೆದ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಅವನು ಹಂಬಲಿಸಿ ನೆನೆದದ್ದು ಬನವಾಸಿಯನ್ನು. ಅವನ ತಮ್ಮ ಜಿನವಲ್ಲಭನು ಕರೀಂನಗರ ಸೀಮೆಯ ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಪಂಪನನ್ನು ಹೊರನಾಡ ಕನ್ನಡಿಗನೆಂದು ಕರೆಯೋಣವೇ? ಹಾಗೆ ಕರೆದರೆ 20ನೆಯ ಶತಮಾನದ ಗೆರೆಯನ್ನು 10ನೆಯ ಶತಮಾನದ ಮೇಲೆ ಎಳೆದಂತಾಗುತ್ತದೆ. ಬನವಾಸಿಯ ಹಂಬಲ ನಿಜ. ಆದರೆ ಆ ಹಂಬಲ ಒಂದು ಭಾಷಾಪ್ರದೇಶದೊಳಗೇ ಒಂದು ನಾಡಿನಿಂದ ಇನ್ನೊಂದು ನಾಡಿನ ಕಡೆಗೆ ಹರಿದದ್ದು.

ಇದಕ್ಕೆ ಎದುರಾದ ಇನ್ನೊಂದು ತುದಿಯೂ ಇದೆ. ಮಿಥಿಲೆಯಲ್ಲಿ 1097ರಲ್ಲಿ ರಾಜ್ಯ ಸ್ಥಾಪಿಸಿದ ನಾನ್ಯದೇವನ ವಂಶ ಕರ್ಣಾಟವಂಶವೆಂದೇ ಪ್ರಸಿದ್ಧ. ಬಂಗಾಳದ ಸೇನ ಅರಸರೂ ತಮ್ಮ ಶಾಸನಗಳಲ್ಲಿ ಕರ್ಣಾಟ ಕ್ಷತ್ರಿಯರೆಂದು ಹೇಳಿಕೊಂಡರು. ಅವರ ಶಾಸನಗಳ ಭಾಷೆ ಮಾತ್ರ ಸಂಸ್ಕೃತ. ಮೂಲದ ಹೆಸರನ್ನು ಬಿರುದಿನಂತೆ ಧರಿಸಿದ ಈ ಮನೆತನಗಳು ಕನ್ನಡವನ್ನು ಅಲ್ಲಿ ಉಳಿಸಲಿಲ್ಲ.

6

'ಹೊರನಾಡ ಕನ್ನಡಿಗ' ಎಂಬ ಇಂದಿನ ಅರ್ಥ ಸಾಧ್ಯವಾಗಬೇಕಾದರೆ ಮೊದಲು ಒಂದು ಒಳನಾಡು ಬೇಕು. ಅದು ರೂಪುಗೊಂಡದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಕನ್ನಡಿಗರು ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು, ಕೊಡಗು ಮುಂತಾದ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಕನ್ನಡ ಸಾಹಿತ್ಯ ಸಮ್ಮೇಳನ 1927ರಲ್ಲಿ ಮಂಗಳೂರಿನಲ್ಲಿಯೂ 1948ರಲ್ಲಿ ಕಾಸರಗೋಡಿನಲ್ಲಿಯೂ ನಡೆಯಿತು. ಎರಡೂ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳು. ಒಂದು ಒಳಗೆ, ಇನ್ನೊಂದು ಹೊರಗೆ ಎಂಬ ಭಾವನೆಗೆ ಅಂದು ಆಸ್ಪದವಿರಲಿಲ್ಲ. 1950ರ ಸಮ್ಮೇಳನ ಸೊಲ್ಲಾಪುರದಲ್ಲಿ ನಡೆಯಿತು. 1951ರಲ್ಲಿ ಮುಂಬಯಿಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಮಂಜೇಶ್ವರದ ಎಂ. ಗೋವಿಂದ ಪೈಗಳು. ಅಂದು ಮುಂಬಯಿಯಲ್ಲಿದ್ದ ಧಾರವಾಡದವನು ತನ್ನ ರಾಜ್ಯದ ರಾಜಧಾನಿಯಲ್ಲಿಯೇ ಇದ್ದನೆಂಬುದನ್ನು ಮರೆಯಬಾರದು.

ಐದು ವರ್ಷಗಳ ಬಳಿಕ ಚಿತ್ರ ಬದಲಾಯಿತು. ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಪೈಗಳು 1963ರಲ್ಲಿ ತೀರಿಕೊಳ್ಳುವವರೆಗೂ ಮಂಜೇಶ್ವರದವರಾಗಿಯೇ ಉಳಿದರು; ಅವರ ಮನೆ, ಪುಸ್ತಕಗಳು, ಅವರು ಬರೆಯುತ್ತಿದ್ದ ಭಾಷೆ ಯಾವುದೂ ಬದಲಾಗಲಿಲ್ಲ. ಆದರೂ ಅವರು ಹೊರನಾಡ ಕನ್ನಡಿಗರಾದರು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಈ ಗೆರೆಯ ವಿರುದ್ಧ ತಮ್ಮ ದೀರ್ಘ ಜೀವನದುದ್ದಕ್ಕೂ ದನಿಯೆತ್ತಿದರು. ಇದಕ್ಕೂ ಮೊದಲೇ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋಗಿದ್ದವು. 1967ರ ಮಹಾಜನ ವರದಿ ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಪ್ರದೇಶವನ್ನೂ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಪ್ರದೇಶಗಳನ್ನೂ ಮೈಸೂರು ರಾಜ್ಯಕ್ಕೆ ಸೇರಿಸಲು ಸೂಚಿಸಿತು. ಅದು ಜಾರಿಗೆ ಬರಲಿಲ್ಲ.

ಇವರಿಗೆ 'ಗಡಿನಾಡ ಕನ್ನಡಿಗ' ಎಂಬ ಪ್ರತ್ಯೇಕ ಹೆಸರಿದೆಯಲ್ಲವೇ ಎಂದು ಕೇಳಬಹುದು. ಇದೆ. ಆದರೆ ಗಡಿನಾಡೆಂಬುದು ಗೆರೆಯ ಎರಡೂ ಬದಿಗೆ ಅನ್ವಯಿಸುತ್ತದೆ. ಬೆಳಗಾವಿಯೂ ಗಡಿನಾಡು, ಕಾಸರಗೋಡೂ ಗಡಿನಾಡು. ಗೆರೆಯ ಒಳಗಿರುವವನಿಗೆ ಸ್ವಂತ ಸರ್ಕಾರವುಂಟು, ಹೊರಗಿರುವವನಿಗೆ ಸಂವಿಧಾನದ ಅಲ್ಪಸಂಖ್ಯಾತರ ರಕ್ಷಣೆ ಮಾತ್ರ ಉಂಟು ಎಂಬ ವ್ಯತ್ಯಾಸ ಈ ಪದದಲ್ಲಿ ಕಾಣುವುದಿಲ್ಲ.

7

ಹೀಗೆ ಒಂದೇ ಹೆಸರಿನಡಿ ಬಂದವರನ್ನು ನಾವು ನಾಲ್ಕು ವರ್ಗಗಳಾಗಿ ವಿಂಗಡಿಸಲು ಸೂಚಿಸುತ್ತೇವೆ. ಮೊದಲನೆಯವರು ನೆಲೆ ಕದಲದವರು: ಕಾಸರಗೋಡು, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗಗಳಲ್ಲಿ ಗೆರೆ ಸರಿದುದರಿಂದ ಹೊರಗುಳಿದವರು. ಎರಡನೆಯವರು ನೆಲೆ ಬದಲಿಸಿದವರು: ತಮಿಳುನಾಡಿನ ಕೊಯಮತ್ತೂರು, ಈರೋಡು, ತೇಣಿ ಮುಂತಾದ ಕಡೆ ತಲೆಮಾರುಗಳಿಂದ ನೆಲೆಸಿ, ಮನೆಯಲ್ಲಿ ಕನ್ನಡವಾಡಿ ತಮಿಳಿನಲ್ಲಿ ಓದಿ ಬರೆಯುವ ದೇವಾಂಗ, ಒಕ್ಕಲಿಗ, ಕುರುಬ ಮೊದಲಾದ ಸಮುದಾಯಗಳು. ಮೂರನೆಯವರು ನೆಲೆಯರಸಿ ಹೋದವರು: ಕರಾವಳಿಯಿಂದ ಮುಂಬಯಿಯ ಹೋಟೆಲುಗಳಿಗೆ ಹೋಗಿ, ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು, ಕಚೇರಿ ಕೆಲಸಕ್ಕಾಗಿ ಪುಣೆ, ಚೆನ್ನೈ, ದೆಹಲಿ ಸೇರಿದವರು. ನಾಲ್ಕನೆಯವರು ರಾಷ್ಟ್ರದ ಗಡಿಯನ್ನೇ ದಾಟಿದವರು. ಎಕ್ಸ್‌ಪೇಟ್ರಿಯೇಟ್ ಎಂಬುದು ನಾಲ್ಕನೆಯ ವರ್ಗದ ಒಂದು ಭಾಗಕ್ಕೆ ಸರಿಯಾಗಿಯೂ ಮೂರನೆಯದಕ್ಕೆ ಲಕ್ಷಣೆಯಿಂದಲೂ ಹೊಂದುತ್ತದೆ. ಮೊದಲ ವರ್ಗಕ್ಕಂತೂ ಅದು ಸರ್ವಥಾ ಸಲ್ಲದು. ಅಲ್ಲಿ ಬಿಡುವ ಕ್ರಿಯೆಯೇ ನಡೆದಿಲ್ಲ.

ಈ ವಿಂಗಡಣೆ ಕೇವಲ ಪಾಂಡಿತ್ಯದ ವಿಷಯವಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯವನ್ನು ಒದಗಿಸಬೇಕೆನ್ನುತ್ತದೆ. ಅಲ್ಪಸಂಖ್ಯಾತರನ್ನು ಗುರುತಿಸಲು ರಾಜ್ಯವೇ ಘಟಕವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಕಾನೂನಿನ ಕಣ್ಣಿಗೆ ನಾಲ್ಕು ವರ್ಗಗಳಲ್ಲಿ ಮೊದಲ ಮೂರೂ ಒಂದೇ. ಆದರೆ ಸಾರ್ವಜನಿಕ ಮಾತಿನಲ್ಲಿ 'ಹೊರನಾಡಿಗ'ನೆಂಬ ಪದ ಬಂದವನು, ಅತಿಥಿ ಎಂಬ ಭಾವನೆಯನ್ನು ಮೂಡಿಸುತ್ತದೆ. ಬಂದವನು ಇಲ್ಲಿಯ ಭಾಷೆಗೆ ಹೊಂದಿಕೊಳ್ಳಲಿ ಎಂಬ ವಾದ ಅದರ ಬೆನ್ನಿಗೇ ಬರುತ್ತದೆ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳದ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದ್ದು ಈ ಹಿನ್ನೆಲೆಯಲ್ಲಿ. ರಾಜ್ಯಭಾಷೆಯನ್ನು ಕಲಿಯುವುದರಲ್ಲಿ ತಪ್ಪೇನೆಂದು ಕೇಳುವವರು, ಮುಂಬಯಿಗೆ ದುಡಿಯಲು ಹೋದವನಿಗೂ ಮನೆಯಂಗಳದಲ್ಲಿಯೇ ರಾಜ್ಯ ಬದಲಾದವನಿಗೂ ಇರುವ ಅಂತರವನ್ನು ಗಮನಿಸಬೇಕು. ಆ ಅಂತರವನ್ನು ಮುಚ್ಚಿದ ಹೊಣೆಯಲ್ಲಿ ಕನ್ನಡದ ಪದಬಳಕೆಗೂ ಪಾಲಿದೆ. ಹೊರನಾಡೆಂದು ಅವರನ್ನು ಮೊದಲು ಕರೆದವರು ಕೇರಳದವರಲ್ಲ, ಕರ್ನಾಟಕದವರು.

8

ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಸಮುದಾಯಗಳ ಅಧ್ಯಯನ ಕೈಗೊಳ್ಳುವವರಿಗೆ ಎರಡು ಸೂಚನೆಗಳನ್ನು ಮಾಡಿ ಈ ವಿವೇಚನೆಯನ್ನು ಮುಗಿಸುತ್ತೇವೆ. ಒಂದು, 'ಹೊರನಾಡು' ಎಂಬ ಪದವನ್ನು 1956ಕ್ಕಿಂತ ಹಿಂದಿನ ಕಾಲಕ್ಕೆ ಅನ್ವಯಿಸುವಾಗ ಯಾವ ನಾಡಿನ ಹೊರಗೆ ಎಂಬುದನ್ನು ಆಯಾ ಕಾಲದ ಆಧಾರದಿಂದ ನಿರ್ದೇಶಿಸಬೇಕು. ಎರಡು, ಕ್ಷೇತ್ರಕಾರ್ಯದ ಪ್ರಶ್ನಾವಳಿಗಳನ್ನು ವರ್ಗಾನುಸಾರ ತಿದ್ದಿಕೊಳ್ಳಬೇಕು. 'ನಿಮ್ಮ ಕುಟುಂಬ ಇಲ್ಲಿಗೆ ಬಂದದ್ದು ಯಾವಾಗ?' ಎಂಬ ಪ್ರಶ್ನೆ ಮುಂಬಯಿಯ ಕನ್ನಡಿಗನಿಗೆ ಸರಿ. ತೇಣಿಯ ಒಕ್ಕಲಿಗನು ಅದಕ್ಕೆ ಕುಲದ ಐತಿಹ್ಯವನ್ನು ಉತ್ತರವಾಗಿ ಹೇಳಿಯಾನು. ಮಂಜೇಶ್ವರದಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ಅಲ್ಲಿ ಕೇಳಬೇಕಾದದ್ದು ಗಡಿ ಬಂದದ್ದು ಯಾವಾಗ, ಬಂದ ಮೇಲೆ ಶಾಲೆಯಲ್ಲಿ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಏನೇನು ಬದಲಾಯಿತು ಎಂದು. ಆ ಉತ್ತರಗಳನ್ನು ಕೊಡಬಲ್ಲ ತಲೆಮಾರು ಈಗ ಎಂಬತ್ತರ ಅಂಚಿನಲ್ಲಿದೆ ಅಥವಾ ಅದನ್ನು ದಾಟಿದೆ. 1956ರ ಗೆರೆಯನ್ನು ಬಾಲ್ಯದಲ್ಲಿ ಕಂಡವರ ಹೇಳಿಕೆಗಳನ್ನು ತಾಲ್ಲೂಕುವಾರು ಸಂಗ್ರಹಿಸುವ ಕೆಲಸ ಬೇರೆ ಯಾವುದಕ್ಕಿಂತಲೂ ಮೊದಲು ಆಗಬೇಕಾಗಿದೆ.